ಮೊಳೆ ಹೊಡೆಯುವ ಹಕ್ಕು

ಎಲೆಕ್ಟ್ರಿಷಿಯನ್ ಏಣಿಯ ತುದಿಯಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಬಿಳಿ ಬೆಳಕಿನ ಬಲ್ಬು, ಇನ್ನೊಂದರಲ್ಲಿ ಹಳದಿ. “ಯಾವುದನ್ನು ಹಾಕಲಿ ಸರ್?” ಎಂದು ಕೇಳಿದ. ನಾನು “ಬಿಳಿ” ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅಡುಗೆಮನೆಯಿಂದ “ಹಳದಿ” ಎಂಬ ಉತ್ತರ ಬಂತು. ಅವನು ನನ್ನನ್ನು ನೋಡಿದ, ಅಡುಗೆಮನೆಯ ಬಾಗಿಲನ್ನು ನೋಡಿದ, ಎರಡು ಬಲ್ಬುಗಳನ್ನೂ ಜೇಬಿಗಿಳಿಸಿ ತಾನೂ ಇಳಿದ. “ನೀವಿಬ್ಬರೂ ಮಾತಾಡಿಕೊಂಡು ಫೋನ್ ಮಾಡಿ ಸರ್. ಏಣಿ ಇಲ್ಲೇ ಇರಲಿ.” ಆ ಏಣಿ ನಮ್ಮ ಹಾಲಿನ ನಡುವೆ 19 ದಿನ ನಿಂತಿತ್ತು. ಮೊದಲ ವಾರ ಅದನ್ನು ಸುತ್ತಿ ಓಡಾಡಿದೆವು. ಆಮೇಲೆ ಅದರ ಮೇಲೆ ಟವೆಲ್ ಒಣಹಾಕಲು ಶುರು ಮಾಡಿದೆವು.

ಮದುವೆಯಾಗಿ ಆರು ವರ್ಷವಾದರೂ ಈ ಪ್ರಶ್ನೆ ನಮ್ಮೆದುರು ಬಂದಿರಲಿಲ್ಲ. ಅದರ ಶ್ರೇಯ ಸಲ್ಲಬೇಕಾದದ್ದು ಬಾಡಿಗೆ ಕರಾರಿಗೆ. ಹಿಂದಿನ ಎರಡು ಮನೆಗಳ ಮಾಲೀಕರೂ ಗೋಡೆಗೆ ಮೊಳೆ ಹೊಡೆಯಬಾರದು ಎಂದು ಬರೆಸಿಕೊಂಡಿದ್ದರು. ಬಣ್ಣ ಅವರದು, ದೀಪ ಅವರದು, ಪರದೆಯ ಕೋಲು ಕೂಡ ಅವರದೇ. ಮನೆ ಚೆನ್ನಾಗಿ ಕಾಣದಿದ್ದರೆ ಇಬ್ಬರೂ ಸೇರಿ ಮಾಲೀಕರನ್ನು ಬೈದುಕೊಳ್ಳುತ್ತಿದ್ದೆವು. ದಾಂಪತ್ಯಕ್ಕೆ ಮೂರನೆಯವರೊಬ್ಬರ ತಪ್ಪು ಎಷ್ಟು ಅನುಕೂಲ ಎಂಬುದು ಬೆಂಗಳೂರಿನ ನಾಗರಭಾವಿಯಲ್ಲಿ ಎರಡು ಮಲಗುವ ಕೋಣೆಗಳ ಹಳೆಯ ಫ್ಲ್ಯಾಟೊಂದನ್ನು ಕೊಂಡು, ಬೀಗದ ಕೈ ಕೈಗೆ ಬಂದ ಮೇಲೆ ಗೊತ್ತಾಯಿತು. 1,060 ಚದರ ಅಡಿ. ಇಪ್ಪತ್ತು ವರ್ಷದ ಸಾಲ. ಜೊತೆಗೆ ಎಲ್ಲಿ ಬೇಕಾದರೂ ಮೊಳೆ ಹೊಡೆಯುವ ಹಕ್ಕು.

ನನ್ನ ಊರು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಹೆಂಡತಿಯದು ಮಲೆನಾಡಿನ ಸಾಗರದ ಕಡೆ. ರಾಜ್ಯ ಒಂದೇ, ಭಾಷೆ ಒಂದೇ ಎನ್ನುವುದು ನಿಜ. ಆದರೆ ‘ಮನೆ’ ಎಂದಾಗ ಇಬ್ಬರ ಕಣ್ಣ ಮುಂದೆ ಬರುವ ಚಿತ್ರಗಳಿಗೆ ನೆಂಟಸ್ತಿಕೆ ಇಲ್ಲ. ನನ್ನ ಕಣ್ಣಿಗೆ ಬರುವುದು ಪರಸಿ ಕಲ್ಲು ಹಾಸಿದ ನೆಲ, ನೀಲಿ ಬೆರೆಸಿದ ಸುಣ್ಣದ ಗೋಡೆ, ಸೂರಿಗೆ ತಾಗುವಷ್ಟು ಎತ್ತರದಲ್ಲಿ ಮುಂದಕ್ಕೆ ಬಾಗಿಸಿ ತೂಗುಹಾಕಿದ ದೇವರ ಮತ್ತು ಹಿರಿಯರ ಫೋಟೊಗಳು, ಅಡುಗೆಮನೆಯ ಮೂರು ಗೋಡೆಗೂ ಹಲಗೆ ಬಡಿದು ಸಾಲಾಗಿ ಜೋಡಿಸಿದ ಪಾತ್ರೆಗಳು: ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕೊಡ, ತಂಬಿಗೆ, ಡಬ್ಬಿ, ಲೋಟ. ಅವ್ವ ಹಬ್ಬಕ್ಕೊಮ್ಮೆ ಅಷ್ಟನ್ನೂ ಇಳಿಸಿ, ತೊಳೆದು, ಒರೆಸಿ, ಅದೇ ಜಾಗದಲ್ಲಿ ಇಡುತ್ತಾಳೆ. ಅವುಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಈ ಮೂವತ್ತು ವರ್ಷದಲ್ಲಿ ಯಾರೂ ನೀರು ಕುಡಿದಿಲ್ಲ.

ಇವಳ ಮನೆಗೆ ಮೊದಲ ಸಲ ಹೋದಾಗ ನನಗೆ ಇವರು ಮನೆ ಖಾಲಿ ಮಾಡುತ್ತಿದ್ದಾರೇನೋ ಅನ್ನಿಸಿತ್ತು. ಜಗಲಿಯಲ್ಲಿ ಒಂದು ಬೆಂಚು. ಒಳಗೆ ಕಾವಿ ನೆಲ, ಕಪ್ಪಗಾದ ಮರದ ಕಂಬ, ಒಂದು ಉಯ್ಯಾಲೆ, ಒಂದು ಕ್ಯಾಲೆಂಡರು. ಅಷ್ಟೇ. ಸಾಮಾನೆಲ್ಲ ಎಲ್ಲಿ ಎಂದು ಮೆಲ್ಲಗೆ ಕೇಳಿದ್ದಕ್ಕೆ ಅತ್ತೆ ಅಟ್ಟದ ಕಡೆ ಕೈ ತೋರಿಸಿದ್ದರು.

ಹಾಗಾಗಿ ಫ್ಲ್ಯಾಟಿಗೆ ಬಂದ ಮೊದಲ ತಿಂಗಳು ನಾನು ಗೋಡೆ ತುಂಬಿಸುತ್ತಿದ್ದೆ, ಇವಳು ಖಾಲಿ ಮಾಡುತ್ತಿದ್ದಳು. ಕಚೇರಿಯಿಂದ ಬಂದಾಗ ಬೆಳಿಗ್ಗೆ ಕಪಾಟಿನ ಮೇಲೆ ನಾನಿಟ್ಟಿದ್ದ ಕುದುರೆ ಗೊಂಬೆ ಡ್ರಾಯರಿನಲ್ಲಿ ಮಲಗಿರುತ್ತಿತ್ತು. ಮಾರನೆಯ ದಿನ ಅದು ಮತ್ತೆ ಎದ್ದು ನಿಲ್ಲುತ್ತಿತ್ತು. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ. ಕುದುರೆಯೇ ದಣಿದಿರಬೇಕು.

ಇದಕ್ಕೆ ತಜ್ಞರ ಸಲಹೆ ತೆಗೆದುಕೊಳ್ಳೋಣ ಎಂದು ಒಳಾಂಗಣ ವಿನ್ಯಾಸದ ಒಂದು ಸಂಸ್ಥೆಗೆ ಹೋದೆವು. ಮೃದುವಾಗಿ ಮಾತನಾಡುವ ಹುಡುಗನೊಬ್ಬ ನಮ್ಮಿಬ್ಬರ ಇಷ್ಟಗಳನ್ನೂ ಬರೆದುಕೊಂಡು, ವಾರ ಬಿಟ್ಟು ಕಂಪ್ಯೂಟರಿನಲ್ಲಿ ನಮ್ಮ ಹಾಲನ್ನು ತೋರಿಸಿದ. ಗೋಡೆ ಬಿಸ್ಕತ್ತಿನ ಬಣ್ಣ, ಸೋಫಾ ಬೂದು, ಟಿವಿಯ ಹಿಂದೆ ಮರದ ಪಟ್ಟಿಗಳು, ಮೂಲೆಯಲ್ಲಿ ಬುದ್ಧನ ತಲೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಹಾಲನ್ನು ನಾವು ಈಗಾಗಲೇ ಮೂರು ಮನೆಗಳಲ್ಲಿ ನೋಡಿದ್ದೆವು. ಅಂದಾಜು ವೆಚ್ಚ ನೋಡಿದ ಮೇಲೆ ಇಬ್ಬರಿಗೂ ಏಕಕಾಲಕ್ಕೆ ಜ್ಞಾನೋದಯವಾಗಿ ಎದ್ದು ಬಂದೆವು. ಬುದ್ಧನ ಪ್ರಭಾವವೇ ಇರಬಹುದು. ಹಿಂತಿರುಗುವಾಗ ಆಟೋದಲ್ಲಿ ಅಷ್ಟು ದಿನಗಳ ನಂತರ ಇಬ್ಬರೂ ಒಂದೇ ಕಾರಣಕ್ಕೆ ನಕ್ಕೆವು.

ನಂತರ ನಾವು ಮಾಡಿದ ತಪ್ಪು ಪಾಲು ಹಂಚಿಕೊಂಡದ್ದು. ಹಾಲು ನನಗೆ, ಮಲಗುವ ಕೋಣೆ ಅವಳಿಗೆ, ಅಡುಗೆಮನೆ ಇಬ್ಬರಿಗೂ. ಕಾಗದದ ಮೇಲೆ ನ್ಯಾಯವಾಗಿಯೇ ಇತ್ತು. ಎರಡು ವಾರದಲ್ಲಿ ಹಾಲಿನ ಗೋಡೆಯಲ್ಲಿ ಏಳು ಫೋಟೊ, ಎರಡು ಕ್ಯಾಲೆಂಡರು, ಗಂಟೆಗೊಮ್ಮೆ ಹಾಡುವ ಗಡಿಯಾರ ಬಂದವು. ಮಲಗುವ ಕೋಣೆಯಲ್ಲಿ ಒಂದು ಮಂಚ, ಒಂದು ಹಳದಿ ದೀಪ, ಬಿಳಿ ಹಾಸಿಗೆ. ಅವಳು ಹಾಲಿಗೆ ಬಂದು ಕೂರುವುದನ್ನೇ ಬಿಟ್ಟಳು. ಊಟದ ತಟ್ಟೆ ಹಿಡಿದು ಮಂಚದ ಮೇಲೆ ಕೂರುತ್ತಿದ್ದಳು. ನನಗೆ ಆ ಕೋಣೆಯಲ್ಲಿ ನಿದ್ದೆ ಬಿಟ್ಟರೆ ಬೇರೇನೂ ಮಾಡಲು ತೋಚುತ್ತಿರಲಿಲ್ಲ. ಬಂದ ನೆಂಟರೊಬ್ಬರು ಮನೆಯೆಲ್ಲ ನೋಡಿ, “ಒಳಗಿನ ಕೋಣೆ ಬಾಡಿಗೆಗೆ ಕೊಟ್ಟಿದ್ದೀರಾ?” ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ.

ಆ ರಾತ್ರಿ ಮಾತು ಬಲ್ಬಿಗೇ ಬಂತು. ಹಳದಿ ಬೆಳಕನ್ನು ಕಂಡರೆ ನಿನಗೇನು ಕಷ್ಟ ಎಂದಳು. ಕಷ್ಟವೇನಿಲ್ಲ, ಕರೆಂಟು ಹೋಗುತ್ತದೇನೋ ಎಂದು ಭಯವಾಗುತ್ತದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಮ್ಮ ಊರಲ್ಲಿ ಸಂಜೆ ಎಲ್ಲರೂ ಪಂಪ್‌ಸೆಟ್ ಚಾಲೂ ಮಾಡಿದ ಕೂಡಲೇ ವೋಲ್ಟೇಜ್ ಇಳಿಯುತ್ತಿತ್ತು. ಆಗಿನ ತಂತಿಯ ಬಲ್ಬು ಮೊದಲು ಹಳದಿಯಾಗುತ್ತಿತ್ತು, ನಂತರ ಕೆಂಪಾಗುತ್ತಿತ್ತು, ಕೊನೆಗೆ ಬಲ್ಬಿನೊಳಗಿನ ತಂತಿಯೊಂದೇ ಹುಳದ ಹಾಗೆ ಕಾಣುತ್ತಿತ್ತು. ಆ ಬೆಳಕಿನಲ್ಲಿ ನಾನು ಗಣಿತ ಮಾಡಿದ್ದೇನೆ. ಬಿಸಿಲಿಗೆ ಹೆದರಿ ಕಟ್ಟಿದ ಮನೆಗಳು ನಮ್ಮವು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಸೀಮೆ. ಕಲ್ಲಿನ ಗೋಡೆ ಮೊಳದಷ್ಟು ದಪ್ಪ, ಕಿಟಕಿ ಸಣ್ಣದು, ಹಗಲಲ್ಲೂ ಒಳಗೆ ಮಬ್ಬು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಟ್ಯೂಬ್‌ಲೈಟ್ ತಂದು ಹಾಕಿಸಿದ ದಿನ ಓಣಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ ಬಂದು ಕೂತಿದ್ದರು. ಬಿಳಿ ಬೆಳಕು ಎಂದರೆ ನನಗೆ ಅದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಿಳಿ ಬೆಳಕು ಎಂದರೆ ತನಗೆ ಸರಕಾರಿ ಆಸ್ಪತ್ರೆಯ ಕಾರಿಡಾರು ಎಂದಳು. ಊರಿನಲ್ಲಿ ಸುತ್ತ ಅಡಿಕೆ ತೋಟ, ಮಳೆಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಒಲೆಯ ಬೆಂಕಿ, ಚಿಮಣಿ, ಜಗಲಿಯ ಒಂದು ಬಲ್ಬು, ಇವಿಷ್ಟರ ಸುತ್ತ ಎಲ್ಲರೂ ಕೂರುತ್ತಿದ್ದರು. ಅಜ್ಜನನ್ನು ಪೇಟೆಯ ಆಸ್ಪತ್ರೆಗೆ ಸೇರಿಸಿದ ರಾತ್ರಿ ಮೊದಲ ಸಲ ಅಷ್ಟು ಬಿಳಿ ಬೆಳಕಿನಲ್ಲಿ ಕೂತಿದ್ದು ಎಂದಳು. ಗೋಡೆ ಖಾಲಿ ಯಾಕೆ ಎಂಬುದೂ ಆಗಲೇ ತಿಳಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಗೋಡೆಗೆ ತೂಗುಹಾಕಿದ್ದಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಫೋಟೊದ ಒಳಗೆ ತೇವ ಇಳಿದು ಮುಖಗಳು ಅಳಿಸಿಹೋಗುತ್ತವೆ. ಚಪ್ಪಲಿ ಎರಡು ದಿನ ಬಿಟ್ಟರೆ ಬಿಳಿ ತುಪ್ಪಳ ಬೆಳೆಯುತ್ತದೆ. ಬೆಲೆಬಾಳುವುದನ್ನು ಪೆಟ್ಟಿಗೆಯಲ್ಲಿಟ್ಟು, ಒಲೆಯ ಹೊಗೆ ತಾಗುವ ಅಟ್ಟಕ್ಕೆ ಏರಿಸುವುದೇ ಅಲ್ಲಿನ ಜಾಣತನ. ನಮ್ಮಲ್ಲಿ ಬಟ್ಟೆ, ಪಾತ್ರೆ, ಫೋಟೊ ಯಾವುದಕ್ಕೂ ಧೂಳು ಬಿಟ್ಟರೆ ಬೇರೆ ಶತ್ರು ಇಲ್ಲ. ಎದುರಿಗಿಟ್ಟದ್ದು ಐವತ್ತು ವರ್ಷ ಎದುರಿಗೇ ಇರುತ್ತದೆ.

ಇದನ್ನು ತಿಳಿದ ಮೇಲೆ ನಮ್ಮ ಜಗಳ ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಹವಾಮಾನವೆಂದು ಎಲ್ಲವನ್ನೂ ಮನ್ನಿಸಲಾಗುವುದಿಲ್ಲ. ಪ್ಲಾಸ್ಟಿಕ್ ಗುಲಾಬಿಯ ಮೇಲೆ ನನಗಿರುವ ಪ್ರೀತಿಗೆ ಸೇಡಂನ ಬಿಸಿಲು ಹೊಣೆಯಲ್ಲ. ಆದರೆ ‘ನಿನಗೆ ಅಭಿರುಚಿ ಇಲ್ಲ’ ಎಂಬ ಮಾತು ಅಂದಿನಿಂದ ಮನೆಯಲ್ಲಿ ಕೇಳಿಬಂದಿಲ್ಲ. ಅದರ ಜಾಗದಲ್ಲಿ ‘ಇದು ನಿಮ್ಮ ಊರಿನ ಲೆಕ್ಕ’ ಎಂಬ ಮಾತು ಬಂದಿದೆ. ಅದಕ್ಕೆ ನಾನು ಸಿಟ್ಟಾಗಲಾರೆ.

ಬೆಳಕಿನ ವಿಷಯದಲ್ಲಿ ರಾಜಿ ಮಾಡಲು ಹೋಗಿ ಇನ್ನೊಂದು ಸಲ ಮುಗ್ಗರಿಸಿದೆವು. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣ ತಿಳಿಸುವ ಕೆಲ್ವಿನ್ ಎಂಬ ಲೆಕ್ಕವಿರುತ್ತದೆ. ನನ್ನ ಬಿಳಿ 6500, ಅವಳ ಹಳದಿ 2700. ನಡುವಿನ 4000ದ್ದನ್ನು ತಂದು ಹಾಕಿದೆವು. ಅಂಗಡಿಯವನು ಅದನ್ನು ‘ನ್ಯಾಚುರಲ್ ವೈಟ್’ ಎಂದ. ಅದು ನನಗೂ ಬೇಡವಾದ, ಅವಳಿಗೂ ಬೇಡವಾದ ಬೆಳಕು. ಇಬ್ಬರ ಮುಖವೂ ರಾತ್ರಿ ಪಾಳಿ ಮುಗಿಸಿ ಬಂದವರ ಹಾಗೆ ಕಾಣುತ್ತಿತ್ತು. ಮೂರನೆಯ ದಿನ ಅದನ್ನು ತೆಗೆದು ಬಚ್ಚಲಿಗೆ ಹಾಕಿದೆವು. ಅಲ್ಲಿ ಅದು ಚೆನ್ನಾಗಿಯೇ ಇದೆ.

ನಮಗೆ ದಾರಿ ತೋರಿಸಿದ್ದು ಬಣ್ಣ. ಹಾಲಿನ ದೊಡ್ಡ ಗೋಡೆಗೆ ನನಗೆ ಊರಿನ ಸುಣ್ಣದ ನೀಲಿ ಬೇಕಿತ್ತು, ಅವಳಿಗೆ ಕೆಮ್ಮಣ್ಣಿನ ಬಣ್ಣ. ಪುಟ್ಟಿ ಹಾಕಿ ನುಣುಪು ಮಾಡಿದ ಗೋಡೆಗೆ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ, ಉದುರಿದರೆ ನನ್ನನ್ನು ಕರೆಯಬೇಡಿ ಎಂದು ಪೇಂಟರ್ ಮೊದಲೇ ಹೇಳಿಬಿಟ್ಟ. ಎಮಲ್ಷನ್‌ನಲ್ಲೇ ಹತ್ತಿರದ ಬಣ್ಣ ಬೆರೆಸಿ ಕೊಡುತ್ತಾರೆ, ಸಣ್ಣ ಡಬ್ಬಿಯಲ್ಲಿ ತಂದು ಹಚ್ಚಿ ನೋಡಿ, ಪುಸ್ತಕದ ಚೀಟಿ ನೋಡಿ ನಿರ್ಧರಿಸಬೇಡಿ ಎಂದೂ ಹೇಳಿದ. ಆತ ಕೊಟ್ಟ ಸಲಹೆಗಳಲ್ಲಿ ಇದು ಲಕ್ಷ ಬೆಲೆಯದು. ಎರಡಡಿ ಚೌಕದ ಆರು ತುಂಡುಗಳನ್ನು ಮೂರು ಗೋಡೆಗಳ ಮೇಲೆ ಹಚ್ಚಿದೆವು. ಒಂದೇ ಬಣ್ಣವನ್ನು ಕಿಟಕಿಯ ಪಕ್ಕ ಒಂದು ಸಲ, ಕಿಟಕಿಯ ಎದುರು ಒಂದು ಸಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿದೆವು.

ಹಗಲಲ್ಲಿ ಎರಡೂ ಚೆನ್ನಾಗಿದ್ದವು. ರಾತ್ರಿ ನನ್ನ ಬಿಳಿ ದೀಪ ಹಾಕಿದಾಗ ಅವಳ ಕೆಮ್ಮಣ್ಣು ಸತ್ತುಹೋಯಿತು, ಮೂರು ದಿನದ ಕೆಂಪು ಚಟ್ನಿಯ ಹಾಗೆ ಕಂಡಿತು. ನಾನು ಗೆದ್ದೆನೆಂದು ಬೀಗುತ್ತಿರುವಾಗ ಅವಳು ಹಳದಿ ದೀಪ ಹಾಕಿದಳು. ನನ್ನ ನೀಲಿ ಪಾಚಿಗಟ್ಟಿದ ಬಾವಿಯ ಗೋಡೆಯಾಯಿತು. ಹಳದಿ ಬೆಳಕಿನಲ್ಲಿ ನೀಲಿಯ ಪಾಲು ಬಹಳ ಕಡಿಮೆ. ಗೋಡೆ ತನಗೆ ಸಿಕ್ಕಿದ್ದನ್ನಷ್ಟೇ ಹಿಂತಿರುಗಿಸಬಲ್ಲದು. ಇದು ಶಾಲೆಯಲ್ಲಿ ಓದಿದ್ದೇ, ಆದರೆ ಸ್ವಂತ ಗೋಡೆಯ ಮೇಲೆ ಸ್ವಂತ ದುಡ್ಡಿನಲ್ಲಿ ನೋಡಿದಾಗ ನಾಟಿದಷ್ಟು ಆಗ ನಾಟಿರಲಿಲ್ಲ. ಅಂದರೆ ಬಲ್ಬನ್ನು ಬಿಟ್ಟು ಬಣ್ಣದ ಬಗ್ಗೆ ಜಗಳವಾಡುವುದು ವ್ಯರ್ಥ. ಯಾವ ಕೋಣೆಯಲ್ಲಿ ಯಾವ ಹೊತ್ತಿಗೆ ನಾವು ಹೆಚ್ಚು ಕೂರುತ್ತೇವೆ, ಆಗ ಯಾವ ದೀಪ ಉರಿಯುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಒಂದು ವಾರ ಬರೆದಿಟ್ಟೆವು. ಹಾಲಿನಲ್ಲಿ ಇಬ್ಬರೂ ಒಟ್ಟಿಗೆ ಕೂರುವುದು ರಾತ್ರಿ ಎಂಟರ ನಂತರ ಎಂದು ತಿಳಿಯಿತು. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವುದು, ತರಕಾರಿ ಹೆಚ್ಚುವುದು ಎಲ್ಲ ಅಡುಗೆಮನೆಯ ಪಕ್ಕದ ಊಟದ ಮೇಜಿನ ಬಳಿ.

19ನೆಯ ದಿನ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆವು. ಹಾಲಿನ ಸೂರಿನ ದೀಪ ಬಿಳಿಯದೇ ಇರಲಿ, ಅದಕ್ಕೆ ಒಂದು ಸ್ವಿಚ್. ಗೋಡೆಯ ನಡುವಿನ ಎತ್ತರದಲ್ಲಿ, ಕೂತವರ ಭುಜದ ಮಟ್ಟಕ್ಕೆ, ಎರಡು ಹಳದಿ ದೀಪ, ಅವಕ್ಕೆ ಬೇರೆ ಸ್ವಿಚ್. ಅವನು ಗೋಡೆ ಕೊರೆದು ಪೈಪ್ ಹೂತು ವೈರ್ ಎಳೆದ. 6,400 ರೂಪಾಯಿ ಮತ್ತು ಮನೆ ತುಂಬ ಧೂಳು. ಕಸ ಗುಡಿಸುವಾಗ, ಏನಾದರೂ ಹುಡುಕುವಾಗ, ನನ್ನ ಕಡೆಯ ನೆಂಟರು ಬಂದಾಗ ಬಿಳಿ. ಊಟವಾದ ಮೇಲೆ ಹಳದಿ. ಎತ್ತರದಿಂದ ಬೀಳುವ ಹಳದಿ ಬೆಳಕಷ್ಟೇ ನನ್ನನ್ನು ಕೊರಗಿಸುತ್ತಿದ್ದುದು, ಪಕ್ಕದಿಂದ ಬಂದರೆ ಅದು ಲಾಟೀನಿನ ಬೆಳಕು ಎಂಬುದು ನನಗೆ ಆಮೇಲೆ ತಿಳಿಯಿತು. ಲಾಟೀನಿನ ಬಗ್ಗೆ ನನಗೆ ದ್ವೇಷವಿಲ್ಲ. ಬಣ್ಣವೂ ತಾನಾಗಿ ಇತ್ಯರ್ಥವಾಯಿತು: ಹಳದಿ ದೀಪದ ಗೋಡೆಗೆ ಕೆಮ್ಮಣ್ಣು, ಊಟದ ಮೇಜಿನ ಹಿಂದಿನ ಗೋಡೆಗೆ ನೀಲಿ, ಉಳಿದದ್ದಕ್ಕೆ ಸುಣ್ಣದಂಥ ಬಿಳಿ. ಹಾಲಿಗೆ ಹೊಳಪಿಲ್ಲದ್ದು, ಅಡುಗೆಮನೆಗೆ ಒರೆಸಿದರೆ ಕಲೆ ಹೋಗುವಂಥ ಹೊಳಪಿನದು.

ಬಣ್ಣ ಒಣಗಿದ ಭಾನುವಾರ ಎಲ್ಲ ಸಾಮಾನನ್ನೂ ಹಾಲಿನ ನೆಲದ ಮೇಲೆ ಹರಡಿದೆವು. ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಅದು ಎಲ್ಲಿಂದ ಬಂತು ಎಂದು ಹೇಳಬೇಕು ಎನ್ನುವುದು ಅವಳ ನಿಯಮ. ಅವಳ ಕಡೆ 9 ವಸ್ತು, ನನ್ನ ಕಡೆ 63. ನನ್ನ ಅರ್ಧದಷ್ಟು ವಸ್ತುಗಳಿಗೆ ‘ಯಾರೋ ಕೊಟ್ಟರು’ ಎಂಬುದಕ್ಕಿಂತ ಹೆಚ್ಚಿನ ಕಥೆ ಇರಲಿಲ್ಲ. ಸನ್ಮಾನದ ಗಾಜಿನ ಫಲಕಗಳು, ದೋಣಿಯ ಆಕಾರದ ಪೆನ್ ಸ್ಟ್ಯಾಂಡ್, ನಾಲ್ಕು ಗೋಡೆ ಗಡಿಯಾರ. ಮುಜುಗರವಾಗಿ ನಾನೇ ಅವನ್ನು ಬದಿಗೆ ಸರಿಸಿದೆ. ಆದರೆ ಅವ್ವ ಕಳಿಸಿದ್ದ ಪಾತ್ರೆಗಳ ಸರದಿ ಬಂದಾಗ ಕಥೆ ಬದಲಾಯಿತು. ಮುಯ್ಯಿಯಾಗಿ ಬಂದ ಪಾತ್ರೆಗಳಿಗೆ ಕೊಟ್ಟವರ ಹೆಸರು, ಊರು, ತಾರೀಖು ಕೊರೆಸಿರುತ್ತಾರೆ. ಅವಳು ಬಗ್ಗಿ ಓದತೊಡಗಿದಳು. “ಇದು ಯಾರು?” ನನ್ನ ಸೋದರಮಾವ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ, ಅಕ್ಕನ ಮದುವೆಯ ವರ್ಷ. “ಇದು?” ದೊಡ್ಡವ್ವ, ಈಗ ಇಲ್ಲ. “ಈ ಹೆಸರು ಮೂರು ಪಾತ್ರೆಗಳ ಮೇಲಿದೆಯಲ್ಲ?” ಅವರ ಮನೆಯಲ್ಲಿ ನಮ್ಮ ಮೂರು ಪಾತ್ರೆಗಳಿವೆ. ಕೊಟ್ಟದ್ದು, ತಿರುಗಿಸಿದ್ದು, ಬಾಕಿ ಉಳಿದದ್ದು ಎಲ್ಲ ಹಲಗೆಯ ಮೇಲೆ ಬರೆದಿಟ್ಟ ಹಾಗೆ ಇರುತ್ತದೆ. ಪೆಟ್ಟಿಗೆಯಲ್ಲಿಟ್ಟರೆ ಕೊಟ್ಟವರು ಬಂದಾಗ ಏನನ್ನು ನೋಡಬೇಕು?

ಅವಳು ಪಾತ್ರೆಯನ್ನು ಕೆಳಗಿಟ್ಟು, ಇವು ಹೊರಗಿರಲಿ ಎಂದಳು. ಗಾಜಿನ ಬಾಗಿಲು, ಹಿಂದೆ ಕನ್ನಡಿ, ಒಳಗೆ ಬಣ್ಣದ ದೀಪ ಇರುವ ಷೋಕೇಸ್ ಮಾತ್ರ ಬೇಡ ಎಂದಳು. ಬಡಗಿಯನ್ನು ಕರೆಸಿ ಊಟದ ಮೇಜಿನ ಹಿಂದಿನ ನೀಲಿ ಗೋಡೆಗೆ ಹಲಸಿನ ಹಲಗೆಯ ಮೂರು ಸಾಲು ಹಾಕಿಸಿದೆವು, ಬಾಗಿಲಿಲ್ಲದೆ. ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕ್ರಮ ನನ್ನದು, ಎರಡು ಪಾತ್ರೆಗಳ ನಡುವೆ ನಾಲ್ಕು ಬೆರಳು ಜಾಗ ಅವಳದು. ಆ ನಾಲ್ಕು ಬೆರಳಿನ ಬಗ್ಗೆ ನಾನು ಬಹಳ ವಾದಿಸಿದ್ದೆ. ಈಗ ಊರಿಗೆ ಹೋದಾಗ ಅವ್ವನ ಹಲಗೆಗಳು ಸ್ವಲ್ಪ ಇಕ್ಕಟ್ಟಾಗಿವೆ ಅನ್ನಿಸುತ್ತದೆ. ಇದನ್ನು ಅವ್ವನೆದುರು ಹೇಳುವ ಧೈರ್ಯ ನನಗಿಲ್ಲ.

ಮದುವೆಗೆ ಉಡುಗೊರೆಯಾಗಿ ಬಂದಿದ್ದ ಬಿದ್ರಿಯ ಹೂದಾನಿ ಕಾಗದದಲ್ಲಿ ಸುತ್ತಿದ ಹಾಗೆಯೇ ಇತ್ತು. ನಮ್ಮ ಕಡೆ ಬಿದ್ರಿ ಎಂದರೆ ಮಂತ್ರಿಗಳಿಗೆ ಕೊಡುವ ವಸ್ತು. ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ನನಗೆಂದೂ ತೋಚಿರಲಿಲ್ಲ. ಅವಳು ಬಿಚ್ಚಿ ನೋಡಿ ಮಾತಿಲ್ಲದೆ ಕೂತಳು. ಸತು ಮತ್ತು ತಾಮ್ರದ ಮಿಶ್ರಲೋಹ, ಬೆಳ್ಳಿಯ ಕುಸುರಿ, ಬೀದರ್ ಕೋಟೆಯ ಮಣ್ಣಿನಲ್ಲಿ ಕುದಿಸಿ ಬರಿಸಿದ ಕಪ್ಪು. ಅವಳ ಮನೆಯ ಕಂಬದ ಕಪ್ಪೂ ಅದೇ ಜಾತಿಯದು, ಹೊಳೆಯುವುದಿಲ್ಲ, ಮಿನುಗುತ್ತದೆ. ಅದು ಕೆಮ್ಮಣ್ಣಿನ ಗೋಡೆಯ ಮುಂದೆ ಹೋಯಿತು. ಎರಡು ತಿಂಗಳಾದ ಮೇಲೆ ಮನೆಗೆಲಸಕ್ಕೆ ಬರುವ ಅಕ್ಕ ಪ್ರೀತಿಯಿಂದಲೇ ಅದಕ್ಕೆ ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ಬೆಳಗಿದರು. ಒಂದು ಪಕ್ಕ ಬೂದಿಯ ಬಣ್ಣಕ್ಕೆ ತಿರುಗಿತು. ಕೊಬ್ಬರಿ ಎಣ್ಣೆ ಸವರಿ ಒರೆಸಿದ ಮೇಲೆ ಸ್ವಲ್ಪ ಕಪ್ಪು ಮರಳಿತು, ಪೂರ್ತಿ ಮರಳಲಿಲ್ಲ. ಆ ಪಕ್ಕವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇವೆ.

ಅವಳ ಒಂಬತ್ತು ವಸ್ತುಗಳಲ್ಲಿ ಒಂದು ಬುಟ್ಟಿ. ಭೂಮಿ ಹುಣ್ಣಿಮೆಗೆ ಗದ್ದೆಗೆ ಚರು ಒಯ್ಯುವ ಭೂಮಣ್ಣಿ ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ, ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿಯ ಗೆರೆಗಳಲ್ಲಿ ಅವಳ ಅಜ್ಜಿ ಚಿತ್ತಾರ ಬರೆದದ್ದು. ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೈಯಿಂದ ಕೈಗೆ ದಾಟಿಸುತ್ತ ಬಂದ ವಿದ್ಯೆ ಅದು. ಮದುವೆಯಲ್ಲಿ ಹಸೆ ಗೋಡೆಗೆ ಬರೆಯುತ್ತಾರೆ, ಹಬ್ಬಕ್ಕೆ ಬುಟ್ಟಿಗೆ ಬರೆಯುತ್ತಾರೆ. ಆ ಬುಟ್ಟಿಯನ್ನು ಹಾಲಿನ ಕಟ್ಟೆಯ ಮೇಲೆ, ಸುತ್ತ ಏನೂ ಇಲ್ಲದೆ, ಒಂದೇ ಇಟ್ಟಿದ್ದಳು. ದೀಪಾವಳಿಗೆ ಬಂದ ನನ್ನ ಅವ್ವ ಎರಡನೆಯ ದಿನ ಬೆಳಿಗ್ಗೆ ಅದರಲ್ಲಿ ಎರಡು ಕಿಲೋ ಉಳ್ಳಾಗಡ್ಡಿ ತುಂಬಿಸಿದ್ದಳು.

ಇವಳು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಅವ್ವನಿಗೆ ಏನೋ ಆಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. “ಯಾಕವ್ವಾ, ಬುಟ್ಟಿ ಇರುವುದು ತುಂಬುವುದಕ್ಕಲ್ಲವೇನು? ಖಾಲಿ ಬುಟ್ಟಿ ಎದುರಿಗಿಟ್ಟುಕೊಂಡು ಕೂರಬಾರದು” ಎಂದಳು. ಇವಳು ನಗಬೇಕೋ ಅಳಬೇಕೋ ತಿಳಿಯದೆ, “ಅತ್ತೆ, ಇದು ಭೂಮಿಗೆ ಊಟ ಒಯ್ಯುವ ಬುಟ್ಟಿ” ಎಂದು ವಿವರಿಸಿದಳು. ಅವ್ವನ ಮುಖ ಬಿಳಿಚಿತು. ನಮ್ಮಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಎಲ್ಲ ಬುಟ್ಟಿಯಲ್ಲೇ ಹೋಗುತ್ತದೆ. ಆ ಬುಟ್ಟಿಯಲ್ಲಿ ಉಳ್ಳಾಗಡ್ಡಿ ಇಟ್ಟವರನ್ನು ಅವ್ವ ಬದುಕಗೊಡುವವಳಲ್ಲ. ಅವಳೇ ಎದ್ದು ಒಂದೊಂದನ್ನೇ ತೆಗೆದು, ಸೆರಗಿನಿಂದ ಬುಟ್ಟಿಯ ಒಳಗನ್ನು ಒರೆಸಿ, ಒಂದು ಹಿಡಿ ಅಕ್ಕಿ ಹಾಕಿ ಇಟ್ಟಳು. ಖಾಲಿಯೂ ಇರಬಾರದಲ್ಲ. ಇವಳು ಆ ಅಕ್ಕಿಯನ್ನು ಇಂದಿಗೂ ತೆಗೆದಿಲ್ಲ. ಹುಳ ಬಂದಾಗ ಬದಲಿಸುತ್ತಾಳೆ.

ಅದೇ ವಾರ ಚಿತ್ತಾರದ ಕೆಲಸವೂ ಆಯಿತು. ಗೋಡೆಗೆ ಅಂಟಿಸುವ ತಯಾರಾದ ಸ್ಟಿಕರ್ ತರುತ್ತೇನೆ ಎಂದಿದ್ದ ಪೇಂಟರನನ್ನು ಇವಳು ಹಿಂದೆಯೇ ಓಡಿಸಿದ್ದಳು. ಊರಿನಿಂದ ಅತ್ತೆ ಹಳೆಯ ಪೇಪರಿನಲ್ಲಿ ಕಟ್ಟಿಕೊಟ್ಟ ಕೆಮ್ಮಣ್ಣು ಇತ್ತು. ಎಮಲ್ಷನ್ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆದು ನೋಡಿದಾಗ ಒಣಗಿದ ಕೂಡಲೇ ಹಕ್ಕಳೆಯೆದ್ದು ಉದುರಿತು. ಕೊನೆಗೆ ನಾಲ್ಕಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಹಲಗೆಗೆ ಹತ್ತಿ ಬಟ್ಟೆ ಅಂಟಿಸಿ, ಅದರ ಮೇಲೆ ಕೆಮ್ಮಣ್ಣನ್ನು ತೆಳುವಾದ ಗೋಂದಿನ ನೀರಿನಲ್ಲಿ ಕಲಸಿ ಮೂರು ಸಲ ಬಳಿದೆವು. ಅಕ್ಕಿಯನ್ನು ರಾತ್ರಿ ನೆನೆಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ ಬಿಳಿ. ಅಕ್ಕಿಯನ್ನೇ ಕರಕಲಾಗುವಂತೆ ಹುರಿದು ಅರೆದು ಕಪ್ಪು. ಹಳದಿಗೆ ಬೇಕಾದ ಗುರಿಗೆ ಬೀಜ ಸಿಗಲಿಲ್ಲ, ಹಳದಿ ಬಿಟ್ಟೇ ಬರೆದಳು. ಗೆರೆ ನೇರ ಬರಲು ಬಿಳಿ ದೀಪ ಬೇಕು ಎಂದು ಅವಳೇ ಕೇಳಿ ಹಾಕಿಸಿಕೊಂಡಳು. ನಾನು ಏನೂ ಮಾತಾಡದೆ ಸ್ವಿಚ್ ಒತ್ತಿದೆ.

ಅವಳು ಬರೆಯುತ್ತಿದ್ದ ನಾರಿನ ಕುಂಚವನ್ನು ಅವ್ವ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. “ಇದು ಪುಂಡಿ ನಾರಲ್ಲವೇನು?” ಎಂದಳು. ಹೌದು, ನಮ್ಮಲ್ಲಿ ಇದರಿಂದಲೇ ಬರೆಯುತ್ತಾರೆ ಎಂದಳು ಇವಳು. ಅವ್ವ ನನ್ನ ಕಡೆ ತಿರುಗಿ, “ನಾವು ಇದರ ಸೊಪ್ಪು ತಿಂದೆವು, ಹಗ್ಗ ಹೊಸೆದೆವು, ದನ ಕಟ್ಟಿದೆವು. ಚಿತ್ರ ಬರೆಯಬಹುದು ಎಂದು ಯಾರೂ ಹೇಳಲಿಲ್ಲ ನೋಡು” ಎಂದಳು. ನಮ್ಮ ಸೀಮೆಯಲ್ಲಿ ಪುಂಡಿ ಪಲ್ಯ ಇಲ್ಲದ ಮನೆಯಿಲ್ಲ. ಇವಳಿಗೆ ಆರು ವರ್ಷದಿಂದ ಅದನ್ನು ಬಡಿಸಿದ್ದೇವೆ, ಹುಳಿ ಎಂದು ಬದಿಗೆ ಸರಿಸುತ್ತಾಳೆ. ತನ್ನ ಕೈಯಲ್ಲಿದ್ದ ಪುಂಡಿ ನಾರೂ ಆ ಪಲ್ಯದ ಗಿಡದ್ದೇ ಎಂದು ಅವಳಿಗೆ ಗೊತ್ತಿರಲಿಲ್ಲ. ಪಲ್ಯವನ್ನು ಈಗಲೂ ಬದಿಗೆ ಸರಿಸುತ್ತಾಳೆ.

ಹಲಗೆಯ ಮೇಲೆ ಬಾಸಿಂಗ, ತೇರು, ಸುತ್ತ ಏಣಿಯಂಥ ಅಂಚು ಬಂದಿದೆ. ಕೆಳಗಿನ ಎಡಮೂಲೆಯಲ್ಲಿ ಗೆರೆ ಸ್ವಲ್ಪ ಓರೆಯಾಗಿದೆ. ಅದು ಅವ್ವ ಎಳೆದದ್ದು.

ಎಲ್ಲವೂ ಹೀಗೆ ಒದಗಿಬರಲಿಲ್ಲ. ಪರದೆಯ ವಿಷಯದಲ್ಲಿ ಇಬ್ಬರೂ ಸೋತೆವು. ದೊಡ್ಡ ಹೂವಿನದನ್ನು ನಾನು ಬಿಟ್ಟುಕೊಟ್ಟೆ, ಬರಿಯ ಖಾದಿಯದನ್ನು ಅವಳು ಬಿಟ್ಟುಕೊಟ್ಟಳು, ನಡುವೆ ಸಿಕ್ಕಿದ ಬೂದು ಗೆರೆಯದು ಯಾರಿಗೂ ಹಿಡಿಸಲಿಲ್ಲ. ಆ 4000 ಕೆಲ್ವಿನ್ ಬಲ್ಬಿನಿಂದ ಪಾಠ ಕಲಿಯಬೇಕಿತ್ತು. ಅವು ಹರಿಯುವುದನ್ನು ಕಾಯುತ್ತಿದ್ದೇವೆ, ಗಟ್ಟಿ ಬಟ್ಟೆ, ಹರಿಯುತ್ತಿಲ್ಲ. ಅವ್ವನ ಹಳೆಯ ಸೀರೆಗಳ ಕೌದಿ ಮಂಚದ ಬಿಳಿ ಹಾಸಿಗೆಯ ಮೇಲೆ ಬರಕೂಡದು ಎಂದು ಅವಳು ಹಟ ಹಿಡಿದಿದ್ದಳು. ಡಿಸೆಂಬರ್ ಚಳಿ ಆ ಹಟವನ್ನು ಒಂದೇ ರಾತ್ರಿಯಲ್ಲಿ ಮುರಿಯಿತು. ಹಗಲಲ್ಲಿ ಅದು ದಿವಾನದ ಮೇಲೆ ಮಡಚಿಕೊಂಡಿರುತ್ತದೆ, ರಾತ್ರಿ ಯಾರು ಮೊದಲು ಎಳೆದುಕೊಳ್ಳುತ್ತಾರೋ ಅವರದು. ದೇವರ ಫೋಟೊಗಳು ಏಳರಿಂದ ಮೂರಕ್ಕಿಳಿದಿವೆ. ಅವ್ವ ಬಂದಾಗ ಐದಾಗುತ್ತವೆ. ಪ್ಲಾಸ್ಟಿಕ್ ಗುಲಾಬಿಗಳು ನನ್ನ ಕಚೇರಿಯ ಮೇಜಿನ ಮೇಲಿವೆ.

ಉಳಿದದ್ದು ಹಾಡುವ ಗಡಿಯಾರ. ಅದು ನನ್ನ ಮೊದಲ ಸಂಬಳದಲ್ಲಿ ಕೊಂಡದ್ದು, ಹಾಗಾಗಿ ಕೊಡಲಾರೆ. ಅವಳು ಅದನ್ನು ಗೋಡೆಯ ಮೇಲೆ ನೋಡಲಾರಳು. ರಟ್ಟಿನ ಪೆಟ್ಟಿಗೆಗೆ ಹಾಕಿ, ಬಚ್ಚಲಿನ ಮೇಲಿನ ಅಟ್ಟಕ್ಕೆ ಏರಿಸಿದೆವು, ಸಾಗರದ ಪದ್ಧತಿಯಂತೆ. ಏರಿಸುವ ಗಡಿಬಿಡಿಯಲ್ಲಿ ಬ್ಯಾಟರಿ ತೆಗೆಯುವುದನ್ನು ಮರೆತೆವು. ಕತ್ತಲಾದರೆ ತಾನಾಗಿ ಸುಮ್ಮನಾಗುವ ಸೆನ್ಸರ್ ಇರುವ ಗಡಿಯಾರಗಳೂ ಇವೆ, ಇದು ಹಳೆಯದು, ಅದಕ್ಕೆ ಬೆಳಕು ಕತ್ತಲೆಯ ಭೇದವಿಲ್ಲ. ಗಂಟೆಗೊಮ್ಮೆ ಪೆಟ್ಟಿಗೆಯೊಳಗಿನಿಂದ ಸಣ್ಣಗೆ ಹಾಡುತ್ತದೆ. ನೆಂಟರು ಮಾತು ನಿಲ್ಲಿಸಿ ಸೂರಿನ ಕಡೆ ನೋಡುತ್ತಾರೆ. ಹತ್ತಿ ತೆಗೆಯೋಣವೆಂದರೆ ಏಣಿಯನ್ನು ಎಲೆಕ್ಟ್ರಿಷಿಯನ್ ತೆಗೆದುಕೊಂಡು ಹೋಗಿದ್ದಾನೆ. ಅವನಿಗೆ ಫೋನ್ ಮಾಡು ಎಂದು ಅವಳು ನನಗೆ ಹೇಳುತ್ತಾಳೆ, ನಾನು ಅವಳಿಗೆ ಹೇಳುತ್ತೇನೆ.